ಗೆಳತಿಗೆ ಕಳಿಸಿದ ಚಿತ್ರಗಳನ್ನು ವಾಪಸು ತರಿಸಿಕೊಳ್ಳಬಹುದೇ?

ತುಂಗಾತೀರ

ದಿನವೂ ಚಿತ್ರ ಬರೆಯುವವರೂ ಇಂದಿಗೂ ಕೈಯಲ್ಲಿ ಪತ್ರ ಬರೆಯುವವರೂ ಇಲ್ಲಿ ಇದ್ದೀರಿ ಎಂಬ ಧೈರ್ಯದಿಂದ, ಹದಿನೈದು ದಿನಗಳಿಂದ ನನ್ನನ್ನು ಕಾಡುತ್ತಿರುವ ಒಂದು ವಿಷಯವನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ನಾನು ತೀರ್ಥಹಳ್ಳಿಯ ಹತ್ತಿರದವಳು. ನನ್ನ ಗೆಳತಿ ಇರುವುದು ಧಾರವಾಡದಲ್ಲಿ. ಶಿವಮೊಗ್ಗದಲ್ಲಿ ಓದುವಾಗ ಹಾಸ್ಟೆಲ್ಲಿನ ಒಂದೇ ಕೋಣೆಯಲ್ಲಿದ್ದವರು ನಾವು. ಕೋವಿಡ್‌ನ ಎರಡನೆಯ ಅಲೆ ಇಳಿಯುತ್ತಿದ್ದ ಹೊತ್ತಿನಲ್ಲಿ, 2021ರ ಜುಲೈ ತಿಂಗಳಲ್ಲಿ, ದಿನಕ್ಕೊಂದು ಚಿತ್ರವನ್ನು ಅಂಚೆ ಕಾರ್ಡಿನ ಮೇಲೆ ಬರೆದು ಪರಸ್ಪರ ಕಳಿಸುವುದೆಂದು ಮಾತು ಮಾಡಿಕೊಂಡೆವು. ಐವತ್ತು ಪೈಸೆಯ ಸಾದಾ ಕಾರ್ಡು. ಬರೆಯಲು ಸಿಗುವ ಜಾಗ ಹದಿನಾಲ್ಕು ಸೆಂಟಿಮೀಟರ್ ಉದ್ದ, ಒಂಬತ್ತು ಸೆಂಟಿಮೀಟರ್ ಅಗಲ. ಚಿತ್ರ ಒಂದು ಬದಿಗೆ, ವಿಳಾಸದ ಪಕ್ಕದಲ್ಲಿ ಉಳಿಯುವ ಅರ್ಧ ಜಾಗದಲ್ಲಿ ನಾಲ್ಕು ಸಾಲು ಮಾತು. ಕಣ್ಣೆದುರಿಗೆ ಇರುವುದನ್ನೇ ಬರೆಯಬೇಕು, ರಬ್ಬರ್ ಮುಟ್ಟಬಾರದು, ತಪ್ಪಿದ ದಿನದ ಬಾಕಿಯನ್ನು ಮರುದಿನ ತೀರಿಸಬಾರದು, ಬಂದ ಚಿತ್ರಕ್ಕೆ 'ಚೆನ್ನಾಗಿದೆ' ಎಂದು ಉತ್ತರ ಬರೆಯಬಾರದು: ಇಷ್ಟೇ ನಮ್ಮ ಕಟ್ಟಳೆ. ಕೊನೆಯದನ್ನು ಹಾಕಿದವಳು ಅವಳು. ಚೆನ್ನಾಗಿದೆ ಎನ್ನುವ ಬದಲು ಚಿತ್ರದಲ್ಲಿರುವ ವಸ್ತುವಿನ ಬಗ್ಗೆ ಏನಾದರೂ ಕೇಳಬೇಕು. ನಾನು ಬರೆದ ಒನಕೆಯನ್ನು ನೋಡಿ, ಅದರ ತುದಿಯ ಕಬ್ಬಿಣದ ಬಳೆ ಸವೆದದ್ದು ಎಡಕ್ಕೋ ಬಲಕ್ಕೋ ಎಂದು ಅವಳು ಕೇಳಿದ್ದಳು. ಎದ್ದುಹೋಗಿ ನೋಡಿದೆ. ಮೂವತ್ತು ವರ್ಷ ಕೈಯಲ್ಲಿ ಹಿಡಿದ ಒನಕೆಯನ್ನು ನಾನು ನೋಡಿಯೇ ಇರಲಿಲ್ಲವೆಂಬುದು ಆಗ ತಿಳಿಯಿತು.

ಕಾರ್ಡು ತಲುಪಲು ಮೂರು ನಾಲ್ಕು ದಿನ, ಉತ್ತರ ಬರಲು ಮತ್ತೆ ಅಷ್ಟೇ. ಹಾಗಾಗಿ ಬರುವ ಮಾತು ಯಾವಾಗಲೂ ನಾನು ಮರೆತ ಚಿತ್ರದ ಬಗ್ಗೆಯೇ ಇರುತ್ತದೆ. ಬರೆದ ಸಂಜೆಯೇ ಹೊಗಳಿಕೆಯೋ ತೆಗಳಿಕೆಯೋ ಸಿಗದ ಕಾರಣ ಮರುದಿನದ ಚಿತ್ರ ಯಾರ ಮಾತಿಗೂ ಬಾಗದೆ ತನ್ನ ಪಾಡಿಗೆ ತಾನು ಬರುತ್ತದೆ. ಈ ಅಭ್ಯಾಸ ಇಷ್ಟು ಕಾಲ ಬಾಳಿದ್ದಕ್ಕೆ ಇದೇ ಮುಖ್ಯ ಕಾರಣವೆಂದು ನಾನು ನಂಬಿದ್ದೇನೆ. ಭಾನುವಾರ ಮತ್ತು ರಜಾದಿನ ಬಿಟ್ಟು, ಜ್ವರ ಬಂದ ದಿನಗಳನ್ನೂ ಬಿಟ್ಟು, ಮೊನ್ನೆ ನಾನು ಡಬ್ಬಿಗೆ ಹಾಕಿದ ಕಾರ್ಡಿನ ಸಂಖ್ಯೆ 1,043. ದಾರಿಯಲ್ಲಿ ಕಳೆದದ್ದು ಹತ್ತೊಂಬತ್ತು.

ಈಗ ಗೆಳತಿ ಧಾರವಾಡದ ಮನೆ ಖಾಲಿ ಮಾಡಿ ಪುಣೆಯಲ್ಲಿರುವ ಮಗನ ಮನೆಗೆ ಹೋಗುತ್ತಿದ್ದಾಳೆ. ಅಲ್ಲಿ ಅವಳಿಗೆ ಇರುವುದು ಒಂದು ಕೋಣೆ, ಒಂದು ಕಪಾಟು. "ನಿನ್ನ ಕಾರ್ಡುಗಳನ್ನೆಲ್ಲ ನಿನಗೇ ಕೊಡುತ್ತೇನೆ, ನಿನ್ನ ಕೈಯ ಕೆಲಸ ನಿನ್ನ ಹತ್ತಿರವೇ ಇರಲಿ" ಎಂದು ಫೋನಿನಲ್ಲಿ ಹೇಳಿದಳು. ಪ್ರೀತಿಯಿಂದಲೇ ಹೇಳಿದ್ದು. ಆದರೂ ಆ ಮಾತು ಕೇಳಿದಾಗಿನಿಂದ ನನ್ನ ಮನಸ್ಸು ಸರಿಯಿಲ್ಲ. ತರಿಸಿಕೊಳ್ಳಲೇ, ಬೇಡವೆನ್ನಲೇ? ತರಿಸಿಕೊಂಡರೆ ನನ್ನ ಬಳಿಯಿರುವ ಅವಳ ಕಾರ್ಡುಗಳನ್ನೂ ನಾನು ಮರಳಿಸಬೇಕಾಗುತ್ತದೆಯೇ?

ಗದುಗಿನ ಡ್ರಾಯಿಂಗ್ ಮಾಸ್ತರ

ಸರಕಾರಿ ಪ್ರೌಢಶಾಲೆಗಳಲ್ಲಿ ಮೂವತ್ತೊಂದು ವರ್ಷ ಚಿತ್ರಕಲೆ ಕಲಿಸಿ ನಿವೃತ್ತನಾದವನು ನಾನು. ತಂಗಿ, ಅವುಗಳನ್ನು ಅವಶ್ಯವಾಗಿ ತರಿಸಿಕೊಳ್ಳಿರಿ. ನೀವು ಮೂರು ವರ್ಷಕ್ಕೂ ಮೇಲ್ಪಟ್ಟು ಅಭ್ಯಾಸ ಮಾಡಿದ್ದೀರಿ, ಆದರೆ ನಿಮ್ಮ ಅಭ್ಯಾಸವನ್ನು ನೀವೇ ನೋಡಿಲ್ಲ.

ಕೈಯ ದೋಷ ಒಂದು ಚಿತ್ರದಲ್ಲಿ ಕಾಣುವುದಿಲ್ಲ, ಏಕೆಂದರೆ ಆ ದಿನ ತಪ್ಪು ಮಾಡಿದ ಕಣ್ಣೇ ಆ ದಿನ ಅದನ್ನು ಪರೀಕ್ಷಿಸುತ್ತದೆ. ನೂರು ಚಿತ್ರಗಳನ್ನು ನೆಲದ ಮೇಲೆ ಹರವಿದಾಗ ಮಾತ್ರ ಅದು ಹೊರಬೀಳುತ್ತದೆ. ಲೋಟದ ಬಾಯಿಯನ್ನು ಬರೆಯುವಾಗ ಎರಡೂ ತುದಿ ಕಣ್ಣಿನ ಆಕಾರದಲ್ಲಿ ಚೂಪಾಗುವುದು, ಬಾಯನ್ನು ದುಂಡಗೆ ಬರೆದು ತಳವನ್ನು ಮಾತ್ರ ಚಪ್ಪಟೆ ಗೆರೆಯಲ್ಲಿ ಮುಗಿಸುವುದು, ಬಾಗಿಲ ಚೌಕಟ್ಟಿನ ನೆಟ್ಟನೆಯ ಗೆರೆಗಳೆಲ್ಲ ಒಂದೇ ಕಡೆಗೆ ವಾಲುವುದು, ಏನೇ ಬರೆದರೂ ಅದು ಕುಗ್ಗಿ ಹಾಳೆಯ ನಡುವೆ ಕುಳಿತುಕೊಳ್ಳುವುದು: ಇವುಗಳನ್ನು ನಾನು ಮಕ್ಕಳಿಗೆ ಬಾಯಿಮಾತಿನಲ್ಲಿ ಹೇಳಿದಾಗ ಒಬ್ಬರೂ ಒಪ್ಪುತ್ತಿರಲಿಲ್ಲ. ವರ್ಷದ ಕೊನೆಗೆ ಅವರವರ ಹಾಳೆಗಳನ್ನು ಅವರ ಮುಂದೆಯೇ ಸಾಲಾಗಿ ಇಟ್ಟಾಗ ನಾನು ಬಾಯಿ ತೆರೆಯುವ ಅಗತ್ಯವೇ ಇರುತ್ತಿರಲಿಲ್ಲ.

ಶಾಂತಿನಿಕೇತನದ ಕಲಾಭವನವನ್ನು ಬಹುಕಾಲ ನಡೆಸಿದ ನಂದಲಾಲ್ ಬೋಸರು ಶಿಷ್ಯರಿಗೂ ಆಪ್ತರಿಗೂ ಕಾರ್ಡಿನ ಮೇಲೆ ಚಿತ್ರ ಬರೆದು ಕಳಿಸುತ್ತಿದ್ದದ್ದು ಪ್ರಸಿದ್ಧ. ನಮ್ಮ ಮೈಸೂರಿನ ಕೆ. ವೆಂಕಟಪ್ಪನವರು ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಕಲಿತದ್ದು ಇದೇ ನಂದಲಾಲರ ಜೊತೆಯಲ್ಲಿ. ಆದರೆ ನಂದಲಾಲರು ಕೊಟ್ಟಷ್ಟೂ ಅವರ ಬಳಿ ಮಿಗುತ್ತಿತ್ತು. ನಿಮಗೆ ಇರುವುದು ಆ ಸಾವಿರ ಕಾರ್ಡು ಮಾತ್ರ.

ಮಸಿಕುಡಿಕೆ

ಮಾಸ್ತರರ ಅನುಭವಕ್ಕೆ ತಲೆಬಾಗುತ್ತೇನೆ, ಆದರೆ ಅವರ ತೀರ್ಮಾನವನ್ನು ಒಪ್ಪಲಾರೆ. ಕಾಗದದ ಸ್ವಭಾವವೇ ತಲುಪಿದವರ ಬಳಿ ಉಳಿಯುವುದು. ಡಚ್ ಚಿತ್ರಕಾರ ವಿನ್ಸೆಂಟ್ ವಾನ್ ಗೋನ ಪತ್ರವ್ಯವಹಾರವನ್ನೇ ನೋಡಿ. ಇಂದು ನಮಗೆ ಸಿಕ್ಕಿರುವ 902 ಪತ್ರಗಳಲ್ಲಿ 819 ಅವನು ಬರೆದವು, ಅವನಿಗೆ ಬಂದವು ಕೇವಲ 83. ಅವನಿಗೆ ಯಾರೂ ಬರೆಯುತ್ತಿರಲಿಲ್ಲವೆಂದು ಇದರ ಅರ್ಥವಲ್ಲ. ಊರಿಂದ ಊರಿಗೆ, ಕೋಣೆಯಿಂದ ಕೋಣೆಗೆ ಅಲೆಯುತ್ತಿದ್ದ ಅವನು ಬಂದದ್ದನ್ನು ಉಳಿಸಿಕೊಳ್ಳಲಿಲ್ಲ, ತಮ್ಮ ಥಿಯೋ ಉಳಿಸಿಕೊಂಡ. ಥಿಯೋ 1891ರಲ್ಲಿ ತೀರಿಕೊಂಡ ಮೇಲೆ ಅವನ ಹೆಂಡತಿ ಯೋ ಅವುಗಳನ್ನು ಕಾಪಾಡಿ 1914ರಲ್ಲಿ ಅಚ್ಚು ಹಾಕಿಸಿದಳು. ಬರೆದವನೇ ಎಲ್ಲವನ್ನೂ ಹಿಂದಕ್ಕೆ ಪಡೆದಿದ್ದರೆ ಅವು ಉಳಿಯುತ್ತಿದ್ದವು ಎಂದು ನನಗನಿಸುವುದಿಲ್ಲ.

ನಿಮ್ಮಿಬ್ಬರ ಅಭ್ಯಾಸಕ್ಕೆ ಇನ್ನೂ ಹತ್ತಿರವಾದ ಒಂದು ಸ್ನೇಹ ಅದೇ ಪತ್ರಗಳಲ್ಲಿದೆ. ವಿನ್ಸೆಂಟ್ 1880ರಲ್ಲಿ ಬ್ರಸೆಲ್ಸಿನಲ್ಲಿ ತನಗಿಂತ ಐದು ವರ್ಷ ಚಿಕ್ಕವನಾದ ಆಂಟನ್ ವಾನ್ ರಪ್ಪಾರ್ಡ್ ಎಂಬ ಚಿತ್ರಕಾರನ ಪರಿಚಯ ಮಾಡಿಕೊಂಡ. ಮುಂದೆ ಐದು ವರ್ಷ ಇಬ್ಬರ ನಡುವೆ ಪತ್ರಗಳು ಓಡಾಡಿದವು. ಯಾವ ಸೀಮೆಸುಣ್ಣ ಒಳ್ಳೆಯದು, ಮೈ ಬಾಗಿದ ಮುದುಕನನ್ನು ಹೇಗೆ ನಿಲ್ಲಿಸಬೇಕು ಎಂಬ ಮಾತು, ನಡುನಡುವೆ ಸಣ್ಣ ಚಿತ್ರ. ಇಂಗ್ಲಿಷ್ ಸಚಿತ್ರ ಪತ್ರಿಕೆಗಳಿಂದ ತೆಗೆದಿಟ್ಟ ಮರದಚ್ಚಿನ ಚಿತ್ರಗಳಲ್ಲಿ ತನ್ನ ಬಳಿ ಎರಡಿದ್ದದ್ದನ್ನು ಒಬ್ಬ ಇನ್ನೊಬ್ಬನಿಗೆ ಕಳಿಸುತ್ತಿದ್ದ. 1885ರ ಮೇ ತಿಂಗಳಲ್ಲಿ ವಿನ್ಸೆಂಟ್ ಆಲೂಗಡ್ಡೆ ತಿನ್ನುವವರ ಚಿತ್ರದ ಕಲ್ಲಚ್ಚಿನ ಪ್ರತಿಯೊಂದನ್ನು ಕಳಿಸಿದಾಗ ರಪ್ಪಾರ್ಡ್ ಅದನ್ನು ಕಟುವಾಗಿ ಟೀಕಿಸಿ ಬರೆದ. ವಿನ್ಸೆಂಟ್ ಆ ಪತ್ರವನ್ನು ಹಾಗೆಯೇ ಅವನಿಗೆ ಹಿಂದಿರುಗಿಸಿದ. ಆಮೇಲೆ ಆ ಸ್ನೇಹ ಮತ್ತೆ ಮೊದಲಿನಂತಾಗಲಿಲ್ಲ, ಅದೇ ವರ್ಷ ಮುಗಿದುಹೋಯಿತು. ರಪ್ಪಾರ್ಡ್ ಅವನಿಗೆ ಬರೆದ ಪತ್ರಗಳಲ್ಲಿ ಇಂದು ಉಳಿದಿರುವುದು ಆ ಒಂದೇ. ಹಿಂದಿರುಗಿಸಿದ್ದರಿಂದಲೇ ಅದು ಉಳಿಯಿತು.

ನಿಮ್ಮ ಗೆಳತಿ ಹೇಳಿದ್ದು ಪ್ರೀತಿಯಿಂದ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ನಿಮ್ಮ ಮನಸ್ಸು ಏಕೆ ಕಲಕಿತು ಎಂಬುದಕ್ಕೆ ಈ ಘಟನೆಯಲ್ಲಿ ಉತ್ತರವಿದೆ ಎಂದು ತೋರುತ್ತದೆ. ಪತ್ರವನ್ನು ಹಿಂದಿರುಗಿಸುವುದು ಎಂದರೆ ಮಾತು ನಿಂತಿತು ಎಂದು ತಿಳಿಯುವುದು ನಮ್ಮಲ್ಲೂ ಇದೆ.

ಬೆಳಗಿನ ಬಸ್ಸು

ಎರಡೂ ಕಡೆಯವರು ಸ್ಕ್ಯಾನ್ ಮಾಡಿಸಿಕೊಂಡರೆ ಈ ತೊಡಕೇ ಇರುವುದಿಲ್ಲವಲ್ಲ. ಧಾರವಾಡದಲ್ಲಿ ಆ ಕೆಲಸ ಮಾಡಿಕೊಡುವ ಅಂಗಡಿಗಳು ಬೇಕಾದಷ್ಟಿವೆ. ಚಿತ್ರದ ಬದಿಯನ್ನಷ್ಟೇ ಅಲ್ಲ, ವಿಳಾಸದ ಬದಿಯನ್ನೂ ಮಾಡಿಸಿ, ಇಲ್ಲವಾದರೆ ಮಾತು ಒಂದು ಕಡೆ, ಚಿತ್ರ ಒಂದು ಕಡೆ ಆಗುತ್ತದೆ.

ತುಂಗಾತೀರ

ಮೂವರಿಗೂ ನಮಸ್ಕಾರ. ಮಾಸ್ತರರು ಹೇಳಿದ ಲೋಟದ ಬಾಯಿಯನ್ನು ಓದಿ, ಇವತ್ತು ಬೆಳಿಗ್ಗೆ ಕಾಫಿ ಕುಡಿದ ಲೋಟವನ್ನೇ ಬರೆದೆ. ಎರಡು ತುದಿಯೂ ಚೂಪಾಗಿಯೇ ಬಂದವು. ಗೆಳತಿಗೆ ಸಿಗುವ ಚಿತ್ರದಲ್ಲಿ ಅದು ಹಾಗೆಯೇ ಇದೆ, ರಬ್ಬರ್ ಮುಟ್ಟಿಲ್ಲ.

ಸ್ಕ್ಯಾನ್ ವಿಷಯ ನಾನೂ ಯೋಚಿಸಿದ್ದೆ. ಆದರೆ ನಾನು ಹೆಚ್ಚಾಗಿ ಬರೆಯುವುದು 4ಬಿ ಎಂಬ ಮೆತ್ತನೆಯ, ಕಪ್ಪು ಗೆರೆಯ ಪೆನ್ಸಿಲ್ಲಿನಲ್ಲಿ. ಕಾರ್ಡು ಉಳಿದ ಕಾಗದಗಳ ಜೊತೆ ಚೀಲದಲ್ಲಿ ಉಜ್ಜಿಕೊಂಡು ಹೋಗುವುದರಿಂದ, ನಾನು ಹಾಕಿದ ಕಪ್ಪು ಅವಳಿಗೆ ಸಿಗುವಾಗ ಮಂಜು ಕವಿದ ಬೂದಿಯಾಗಿರುತ್ತದೆಯಂತೆ. ಕೆಲವು ಕಾರ್ಡುಗಳಲ್ಲಿ ಅಂಚೆ ಕಚೇರಿಯ ಮುದ್ರೆ ಚಿತ್ರದ ಮೇಲೆಯೇ ಬಿದ್ದು, ಹಲಸಿನಹಣ್ಣಿನ ಪಕ್ಕದಲ್ಲಿ ಅರ್ಧ ಚಂದ್ರ ಮೂಡಿದೆಯೆಂದು ಅವಳು ಬರೆದಿದ್ದಳು. ಆದ್ದರಿಂದ ಅವಳ ಬಳಿ ಇರುವುದು ನಾನು ಬರೆದ ಚಿತ್ರವೇ ಅಲ್ಲ, ದಾರಿ ಸವೆಸಿ ಬಂದ ಬೇರೊಂದು. ನಾನು ನೋಡದಿರುವುದು ಅದನ್ನು.

ಇನ್ನೊಂದು ಅಳುಕೂ ಇದೆ. ನಮ್ಮ ಮನೆ ಹೊಳೆಯ ಹತ್ತಿರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಪಾಟಿನೊಳಗಿನ ಸೀರೆಗೂ ಬೂಸಲು ಬರುತ್ತದೆ. ಅವಳು ಕಳಿಸಿದ ಕಾರ್ಡುಗಳನ್ನು ನಾನು ಬಿಸ್ಕತ್ತಿನ ಡಬ್ಬಿಗಳಲ್ಲಿ ಬೇವಿನ ಎಲೆ ಹಾಕಿಟ್ಟು, ಪ್ರತಿ ದೀಪಾವಳಿಗೆ ಬಿಸಿಲಿಗೆ ಇಡುತ್ತೇನೆ. ಆದರೂ 2022ರ ಮಳೆಗಾಲದ ಒಂದು ಕಟ್ಟಿಗೆ ಹಳದಿ ಚುಕ್ಕೆ ಬಿದ್ದಿದೆ. ಧಾರವಾಡದ ಒಣ ಹವೆಯಲ್ಲಿ ಸುಖವಾಗಿರುವ ನನ್ನ ಕಾರ್ಡುಗಳನ್ನು ಇಲ್ಲಿಗೆ ತಂದು ಹಾಳು ಮಾಡುವುದೇ?

ಕಾಲುವೆಯಾಚೆ

ಕೆಲಸದ ನಿಮಿತ್ತ ನೆದರ್ಲೆಂಡ್ಸ್‌ನಲ್ಲಿರುವ ಬೆಳಗಾವಿಯವಳು ನಾನು. ಆಂಸ್ಟರ್‌ಡ್ಯಾಮಿನ ವಾನ್ ಗೋ ಸಂಗ್ರಹಾಲಯಕ್ಕೆ ಹೋದಾಗಲೆಲ್ಲ ಆ ಪತ್ರಗಳನ್ನು ನೋಡುವ ಆಸೆಯಾಗುತ್ತದೆ. ಆದರೆ ಬೆಳಕು ತಾಗಿದರೆ ಶಾಯಿಯೂ ಕಾಗದವೂ ಕೆಡುತ್ತವೆಂದು ಅವುಗಳನ್ನು ಅಪರೂಪಕ್ಕೆ ಮಾತ್ರ ಹೊರಗೆ ಇಡುತ್ತಾರೆ. ಬರೆದಾಗ ಕಪ್ಪಾಗಿದ್ದ ಶಾಯಿ ಎಷ್ಟೋ ಕಡೆ ಈಗ ಕಂದು ಬಣ್ಣಕ್ಕೆ ತಿರುಗಿದೆ. ನೀವು ಅಥವಾ ನಿಮ್ಮ ಗೆಳತಿ ಸಾಮಾನ್ಯ ಫೌಂಟನ್ ಪೆನ್ನಿನ ನೀಲಿ ಶಾಯಿಯಲ್ಲಿ ಬರೆದದ್ದಿದ್ದರೆ, ಅದು ನೀರು ತಾಗಿದರೆ ಹರಡುತ್ತದೆ, ಬಿಸಿಲಿಗೆ ಮಾಸುತ್ತದೆ. ಆದ್ದರಿಂದ ದಯವಿಟ್ಟು ಕಾರ್ಡುಗಳನ್ನು ನೇರ ಬಿಸಿಲಿಗೆ ಇಡಬೇಡಿ. ಗಾಳಿಯಾಡುವ ನೆರಳು ಸಾಕು.

ಪೆನ್ಸಿಲ್ ಉಜ್ಜಿಹೋಗುವುದಕ್ಕೆ ಒಂದು ಹಳೆಯ ಉಪಾಯ ಹೇಳುತ್ತೇನೆ. ಹೇಗ್ ನಗರದಲ್ಲಿದ್ದ ಕಾಲದಲ್ಲಿ ವಿನ್ಸೆಂಟ್ ತನ್ನ ಪೆನ್ಸಿಲ್ ಚಿತ್ರಗಳ ಮೇಲೆ ಹಾಲು ಹಾಕಿ ಗೆರೆ ನಿಲ್ಲಿಸುತ್ತಿದ್ದ. ಅದರಿಂದ ಸೀಸದ ಹೊಳಪು ಅಡಗಿ ಕಪ್ಪು ಆಳವಾಗುತ್ತಿತ್ತು. ಅವನು ಬಳಸುತ್ತಿದ್ದದ್ದು ದಪ್ಪ ಕಾಗದ. ನಮ್ಮ ಕಾರ್ಡು ನೆನೆದರೆ ಸುರುಳಿಯಾಗುವುದರಿಂದ, ಹಾಲಿಗೆ ಅಷ್ಟೇ ನೀರು ಬೆರೆಸಿ ಸ್ಪ್ರೇ ಬಾಟಲಿಯಲ್ಲಿ ದೂರದಿಂದ ಒಂದು ಬಾರಿ ಹಾಯಿಸಿ, ಒಣಗಿದ ಮೇಲೆ ಪುಸ್ತಕದ ಅಡಿಯಲ್ಲಿಟ್ಟು ನೋಡಿ. ನಾನು ಮಾಡಿ ನೋಡಿದ್ದೇನೆ, ಗೆರೆ ನಿಲ್ಲುತ್ತದೆ. ನಿಮ್ಮ ಮಲೆನಾಡಿನ ಮಳೆಗಾಲದಲ್ಲಿ ಮಾತ್ರ ಬೇಡ, ಹಾಲಿನ ಅಂಶಕ್ಕೆ ಬೂಸಲು ಬೇಗ ಬಂದೀತು.

ಅಂಚೆಚೀಲ

ನಾನು ಹಳ್ಳಿಯೊಂದರಲ್ಲಿ ಅಂಚೆ ಹಂಚುವ ಕೆಲಸದಲ್ಲಿದ್ದೇನೆ. ಚರ್ಚೆಯಲ್ಲಿ ಎಲ್ಲರೂ ಇಬ್ಬರ ಬಗ್ಗೆ ಮಾತನಾಡುತ್ತಿದ್ದೀರಿ. ಕಾರ್ಡು ತೆರೆದ ಕಾಗದ, ಅದನ್ನು ವಿಂಗಡಿಸುವವರೂ ಹಂಚುವವರೂ ನೋಡುತ್ತಾರೆ. ಚಿತ್ರವಿರುವ ಕಾರ್ಡು ನಮ್ಮ ಕೈಗೆ ಬರುವುದೇ ಅಪರೂಪ. ನನ್ನ ಬೀಟಿನಲ್ಲಿ ಒಬ್ಬ ಹುಡುಗಿಗೆ ಅವಳ ಸೋದರಮಾವ ವಾರಕ್ಕೊಂದು ಹಕ್ಕಿಯ ಚಿತ್ರ ಕಳಿಸುತ್ತಿದ್ದರು. ಅದು ಬಂದ ದಿನ ಸೈಕಲ್ ಹತ್ತುವ ಮುಂಚೆ ನಾವು ಮೂವರೂ ಅದನ್ನು ನೋಡಿಯೇ ಹೊರಡುತ್ತಿದ್ದೆವು. ಹುಡುಗಿ ಮದುವೆಯಾಗಿ ಹೋದ ಮೇಲೆ ಕಾರ್ಡು ನಿಂತವು. ಮುನಿಯ ಹಕ್ಕಿಯ ಗುರುತು ನನಗೆ ಸಿಕ್ಕಿದ್ದು ಆ ಕಾರ್ಡಿನಿಂದಲೇ.

ಒಂದು ಕೋರಿಕೆ. ತರಿಸುವುದೇ ಆದರೆ ಸಾವಿರ ಕಾರ್ಡನ್ನೂ ಒಂದೇ ಪಾರ್ಸೆಲ್ಲಿನಲ್ಲಿ ತರಿಸಬೇಡಿ. ನಮ್ಮ ಇಲಾಖೆಯ ಮೇಲೆ ನನಗೆ ನಂಬಿಕೆಯಿದೆ, ಆದರೆ ಹೋದರೆ ಎಲ್ಲವೂ ಒಮ್ಮೆಗೇ ಹೋಗುವಂಥ ವ್ಯವಸ್ಥೆ ಒಳ್ಳೆಯದಲ್ಲ. ನೀವೇ ಹೋಗಿ ಬನ್ನಿ. ತೀರ್ಥಹಳ್ಳಿಯಿಂದ ಧಾರವಾಡ ದೂರದ ಊರೇನಲ್ಲ.

ಅಗಸೆಹೂ

ಜಪಾನಿನಲ್ಲಿ ಎತೆಗಾಮಿ ಎಂಬ ಚಿತ್ರಪತ್ರದ ಪದ್ಧತಿಯಿದೆ. ಕಾರ್ಡಿನ ಮೇಲೆ ಒಂದು ಬದನೆಕಾಯಿಯನ್ನೋ ಹೂವನ್ನೋ ಕುಂಚದಲ್ಲಿ ಬರೆದು, ಪಕ್ಕದಲ್ಲಿ ಎರಡು ಮಾತು ಬರೆದು ಅಂಚೆಗೆ ಹಾಕುತ್ತಾರೆ. ಕೈ ಪಳಗಿಲ್ಲದಿದ್ದರೆ ಅಡ್ಡಿಯಿಲ್ಲ, ಪಳಗದಿರುವುದೇ ಒಳ್ಳೆಯದು ಎಂಬುದು ಅವರ ಧ್ಯೇಯವಾಕ್ಯ. ಕಳಿಸುವುದಕ್ಕೆಂದೇ ಬರೆಯುವ ಚಿತ್ರ ಅದು, ಕಳಿಸಿದ ಮೇಲೆಯೇ ಪೂರ್ಣವಾಗುತ್ತದೆ. ಮಾಸ್ತರರ ಅಳತೆಗೋಲು ಶಾಲೆಯ ಹಾಳೆಗೆ ಸರಿ, ಗೆಳತಿಗೆ ಬರೆದ ಕಾರ್ಡಿಗೆ ಅಲ್ಲ ಎಂದು ನನಗನಿಸುತ್ತದೆ.

ಗದುಗಿನ ಡ್ರಾಯಿಂಗ್ ಮಾಸ್ತರ

ಅಗಸೆಹೂ ಅವರೇ, ಇಲ್ಲಿ ನಿಮ್ಮ ಮಾತಿಗೆ ಒಪ್ಪಿಗೆಯಿಲ್ಲ. ಪ್ರೀತಿಯಿಂದ ಬರೆದದ್ದಕ್ಕೆ ಕಲಿಕೆ ಬೇಡವೆಂದರೆ ಆ ಪ್ರೀತಿಗೇ ಕಡಿಮೆ ಮಾಡಿದಂತೆ. ಒನಕೆಯ ಬಳೆ ಎಡಕ್ಕೆ ಸವೆದಿದೆಯೋ ಬಲಕ್ಕೋ ಎಂದು ಕೇಳಿದ ಆ ಗೆಳತಿ ನನಗಿಂತ ದೊಡ್ಡ ಶಿಕ್ಷಕಿ. ಅವಳು ಕೇಳಿದ್ದು ಸರಿಯಾಗಿ ನೋಡು ಎಂದೇ ಅಲ್ಲವೇ?

ಆದರೆ ನಾನು ಮೊದಲು ಬರೆದದ್ದರಲ್ಲಿ ಒಂದು ತಿದ್ದುಪಡಿ ಮಾಡುತ್ತೇನೆ. ಕಾರ್ಡುಗಳನ್ನು ತರಿಸಿಕೊಳ್ಳಿ ಎಂದಿದ್ದೆ. ನೀವು ಅವುಗಳನ್ನು ಒಮ್ಮೆ ಹರವಿ ನೋಡಬೇಕು ಎಂಬುದಷ್ಟೇ ನನ್ನ ಆಗ್ರಹ. ನೋಡಿದ ಮೇಲೆ ಅವು ಯಾರ ಕಪಾಟಿನಲ್ಲಿ ಇರಬೇಕೆಂಬುದು ನನ್ನ ವಿಷಯವಲ್ಲ. ಇಬ್ಬರೂ ಒಟ್ಟಿಗೆ ಕುಳಿತು ನೋಡಿದರೆ ಇನ್ನೂ ಉತ್ತಮ. ಹರವುವಾಗ ತಾರೀಖಿನ ಪ್ರಕಾರ ಇಡಬೇಡಿರಿ. ಲೋಟಗಳೆಲ್ಲ ಒಂದು ಕಡೆ, ಬಾಗಿಲುಗಳೆಲ್ಲ ಒಂದು ಕಡೆ, ಮಲಗಿದ ಬೆಕ್ಕುಗಳೆಲ್ಲ ಒಂದು ಕಡೆ ಹೀಗೆ ಇಡಿರಿ.

ತುಂಗಾತೀರ

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಧಾರವಾಡಕ್ಕೆ ಹೋಗಿ ಬಂದೆ. ಎರಡು ರಾತ್ರಿ ಗೆಳತಿಯ ಮನೆಯಲ್ಲಿದ್ದೆ.

ಸಾಮಾನು ಕಟ್ಟಿ ಮುಗಿದಿದ್ದ ಕಾರಣ ಪಡಸಾಲೆ ಪೂರ್ತಿ ಬರಿದಾಗಿತ್ತು. ಮಾಸ್ತರರು ಹೇಳಿದ ಹಾಗೆ ವಸ್ತುಗಳ ಪ್ರಕಾರ ಕಾರ್ಡುಗಳನ್ನು ನೆಲದ ಮೇಲೆ ಹರವಿದೆವು. ನನ್ನ ಮನೆಯ ಹಿತ್ತಿಲ ಬಾಗಿಲನ್ನು ಮೂವತ್ತೆರಡು ಸಲ ಬರೆದಿದ್ದೇನೆ ಎಂಬುದು ನನಗೆ ಗೊತ್ತೇ ಇರಲಿಲ್ಲ. ಮೂವತ್ತೆರಡೂ ಬಲಕ್ಕೆ ವಾಲಿದ್ದವು. ಗೆಳತಿ ಅದನ್ನು ಎಷ್ಟೋ ದಿನದ ಹಿಂದೆಯೇ ಗಮನಿಸಿದ್ದಳು. ಮನೆಯೇ ವಾಲಿದೆಯೇನೋ, ಕೇಳಿದರೆ ನಾನು ನೊಂದುಕೊಳ್ಳುತ್ತೇನೇನೋ ಎಂದು ಸುಮ್ಮನಿದ್ದಳಂತೆ. ಲೋಟಗಳ ವಿಷಯವೂ ಹಾಗೆಯೇ. ಆದರೆ ಮಾಸ್ತರರೇ, ಒಂದು ಸಂತೋಷದ ಸುದ್ದಿಯೂ ಇದೆ. ಮೊದಲ ವರ್ಷದ ಚಿತ್ರಗಳಲ್ಲಿ ಹಾಳೆಯ ನಡುವೆ ಕುಗ್ಗಿ ಕುಳಿತಿದ್ದ ವಸ್ತುಗಳು 2023ರ ಹೊತ್ತಿಗೆ ಅಂಚಿನವರೆಗೆ ಚಾಚಿಕೊಂಡಿವೆ, ಕೆಲವು ಅಂಚನ್ನು ದಾಟಿ ಅರ್ಧಕ್ಕೇ ಕತ್ತರಿಸಿಹೋಗಿವೆ. ನಾನು ಬೇಕೆಂದು ಮಾಡಿದ್ದಲ್ಲ ಅದು.

ಎರಡನೆಯ ದಿನ ಬೆಳಿಗ್ಗೆ ಒಂದು ಕಾರ್ಡನ್ನು ತಿರುಗಿಸಿದಾಗ, ನನ್ನ ನಾಲ್ಕು ಸಾಲಿನ ಅಡಿಯಲ್ಲಿ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಅವಳ ಕೈಬರಹ ಕಂಡಿತು. ಕಾರ್ಡು ತಲುಪಿದ ತಾರೀಖು, ಅದನ್ನು ಓದುವಾಗ ಅವಳು ಎಲ್ಲಿ ಕುಳಿತಿದ್ದಳು, ಆ ದಿನ ಅವಳು ನನಗೆ ಬರೆದ ಚಿತ್ರ ಯಾವುದು. ಇನ್ನೊಂದನ್ನು ತಿರುಗಿಸಿದೆ, ಅದರಲ್ಲೂ ಇತ್ತು. ಎಲ್ಲದರಲ್ಲೂ ಇತ್ತು. 2022ರ ಅಕ್ಟೋಬರ್‌ನ ಒಂದು ಕಾರ್ಡಿನಲ್ಲಿ 'ಆಸ್ಪತ್ರೆಯ ಮೆಟ್ಟಿಲು, ಅವರನ್ನು ಒಳಗೆ ಕರೆದೊಯ್ದಿದ್ದಾರೆ, ಚಪ್ಪಲಿ ಬರೆದೆ' ಎಂದಿತ್ತು. ಆ ಚಪ್ಪಲಿಯ ಚಿತ್ರ ನನ್ನ ಬಿಸ್ಕತ್ತಿನ ಡಬ್ಬಿಯಲ್ಲಿದೆ. ಅದು ಬಂದಾಗ ನಾನು ಕೇಳಿದ್ದು ಉಂಗುಷ್ಠದ ಹೊಲಿಗೆ ಬಿಚ್ಚಿದೆಯೇ ಎಂದು. ಅವಳು ಅದಕ್ಕೆ, ಬಿಚ್ಚಿದೆ, ಹೊಲಿಸಬೇಕು ಎಂದು ಉತ್ತರ ಬರೆದಿದ್ದಳು. ಅವಳ ಯಜಮಾನರ ಕಾಯಿಲೆಯ ವಿಷಯ ನನಗೆ ತಿಳಿದದ್ದು ಅದಾದ ಎರಡು ತಿಂಗಳ ಮೇಲೆ, ಬೇರೆಯವರಿಂದ.

ಆಮೇಲೆ ಕಾರ್ಡುಗಳನ್ನು ವಾಪಸು ತೆಗೆದುಕೊಳ್ಳುವ ಮಾತನ್ನು ನಾನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಪುಣೆಯ ಕಪಾಟಿನ ಕೆಳಗಿನ ಖಾನೆ ಅವಕ್ಕೆಂದು ಮಗನಿಗೆ ಫೋನ್ ಮಾಡಿ ಹೇಳಿದಳು. ಬೆಳಗಿನ ಬಸ್ಸು ಅವರ ಸಲಹೆಯಂತೆ ಎರಡೂ ಬದಿಯ ಸ್ಕ್ಯಾನ್ ಮಾಡಿಸುತ್ತಿದ್ದೇವೆ. ಅವಳ ಕಾರ್ಡುಗಳನ್ನು ಬಿಸಿಲಿಗೆ ಇಡುವುದನ್ನು ಬಿಟ್ಟಿದ್ದೇನೆ. ಬಂದ ಮೇಲೆ ಡಬ್ಬಿಗಳನ್ನು ತೆರೆದು, ಒಂದೊಂದರ ಹಿಂದೆಯೂ ತಲುಪಿದ ದಿನವನ್ನು ನೆನಪಾದಷ್ಟು ಬರೆಯಲು ತೊಡಗಿದ್ದೇನೆ. ಹೆಚ್ಚಿನವು ನೆನಪಾಗುತ್ತಿಲ್ಲ. ಮುದ್ರೆಯ ತಾರೀಖನ್ನು ನೋಡಿ, ನನ್ನ ದಿನಚರಿಯ ಪುಸ್ತಕ ತೆರೆದು, ಆ ದಿನ ಮನೆಯಲ್ಲಿ ಏನಾಗಿತ್ತು ಎಂದು ಹುಡುಕಬೇಕಾಗುತ್ತಿದೆ.

ಇವತ್ತಿನ ಕಾರ್ಡಿನ ಸಂಖ್ಯೆ 1,061. ಪುಣೆಯ ವಿಳಾಸಕ್ಕೆ ಬರೆದ ಮೊದಲನೆಯದು. ಹಿತ್ತಿಲ ಬಾಗಿಲನ್ನೇ ಮತ್ತೆ ಬರೆದಿದ್ದೇನೆ. ದಾರದ ತುದಿಗೆ ಬೀಗದ ಕೈ ಕಟ್ಟಿ ಮುಂದೆ ಇಳಿಬಿಟ್ಟುಕೊಂಡು, ಅದರ ಪಕ್ಕದಲ್ಲಿ ಚೌಕಟ್ಟನ್ನು ಅಳೆದುಕೊಂಡು ಬರೆದೆ. ಈ ಸಲ ಸ್ವಲ್ಪ ಎಡಕ್ಕೆ ವಾಲಿದೆ.